ಹಳ್ಳಿಯ ಹೆಣ್ಣುಮಕ್ಕಳ ದುಡಿಮೆಯ ಲೆಕ್ಕ: ಐದು ತಿಂಗಳ ಹುಡುಕಾಟದ ವರದಿ

ಸಂಜೆ ಕಾಲೇಜಿನಿಂದ ಬಂದ ಮೇಲೆ ದಿನಕ್ಕೆ ಎರಡು ಗಂಟೆಯಂತೆ ಈ ಕೆಲಸಕ್ಕೆ ಕೂರಲಾರಂಭಿಸಿ ಐದು ತಿಂಗಳಾಯಿತು. ನಾನು ವಾಣಿಜ್ಯಶಾಸ್ತ್ರ ಕಲಿಸುವವನು, ಸಮಾಜವಿಜ್ಞಾನದಲ್ಲಿ ತರಬೇತಿ ಪಡೆದವನಲ್ಲ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. 15 ವರ್ಷ ದಾಟಿದ ಗ್ರಾಮೀಣ ಮಹಿಳೆಯರಲ್ಲಿ ದುಡಿಮೆಗೆ ಇಳಿದವರ, ಅಂದರೆ ಕೆಲಸ ಮಾಡುತ್ತಿರುವ ಇಲ್ಲವೇ ಹುಡುಕುತ್ತಿರುವವರ, ಪ್ರಮಾಣ, ದೇಶದ ಮಟ್ಟದಲ್ಲಿ, 2004-05ರಲ್ಲಿ ಶೇ. 49.4 ಇತ್ತು, 2011-12ರಲ್ಲಿ ಶೇ. 35.8ಕ್ಕೆ, 2017-18ರಲ್ಲಿ ಶೇ. 24.6ಕ್ಕೆ ಕುಸಿಯಿತು; 2023-24ರ ಹೊತ್ತಿಗೆ ಮತ್ತೆ ಶೇ. 47.6ಕ್ಕೆ ಏರಿತು. ಹದಿಮೂರು ವರ್ಷಗಳಲ್ಲಿ ಅರ್ಧದಷ್ಟು ಜನ ಕೆಲಸ ಬಿಟ್ಟು, ಆರೇ ವರ್ಷಗಳಲ್ಲಿ ಹೆಚ್ಚುಕಡಿಮೆ ಅಷ್ಟೂ ಜನ ಮರಳಿ ಬಂದರೆಂದು ಇದರರ್ಥವೇ? ನಮ್ಮ ಊರಿನಲ್ಲಿ ಅಂಥದ್ದೇನೂ ನಡೆದದ್ದನ್ನು ನಾನು ಕಂಡಿಲ್ಲ. ಈ ಏರಿಳಿತದಲ್ಲಿ ಬದುಕಿನ ಪಾಲೆಷ್ಟು, ಲೆಕ್ಕ ಹಿಡಿಯುವ ಕ್ರಮದ ಪಾಲೆಷ್ಟು ಎಂಬುದನ್ನು, ಮನೆಯಲ್ಲೇ ಕುಳಿತು ಹಣ ಕೊಡದೆ ಸಿಗುವ ಆಕರಗಳಿಂದ ಎಷ್ಟರಮಟ್ಟಿಗೆ ತಿಳಿಯಬಹುದು ಎಂದು ನೋಡುವುದೇ ನನ್ನ ಯೋಜನೆ.

ಮೊದಲ ತಿಂಗಳು ಪೂರ್ತಿ ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲೇ ಕಳೆಯಿತು. ಸಿದ್ಧ ಕೋಷ್ಟಕಗಳಷ್ಟೇ ಸಾಕೆನ್ನುವವರಿಗೆ 2024ರಲ್ಲಿ ಆರಂಭವಾದ ಇ-ಸಾಂಖ್ಯಿಕಿ ತಾಣ ಅನುಕೂಲವಾಗಿದೆ. ರಾಜ್ಯ, ವರ್ಷ, ಲಿಂಗ ಆರಿಸಿಕೊಂಡರೆ ಅಂಕಿಗಳು ಕಣ್ಣೆದುರಿಗೆ ಬರುತ್ತವೆ. ನನಗೆ ಬೇಕಾಗಿದ್ದದ್ದು ಅದರ ಹಿಂದಿನ ಬಿಡಿ ದತ್ತಾಂಶ, ಅಂದರೆ ಸಮೀಕ್ಷೆಗೆ ಉತ್ತರ ಕೊಟ್ಟ ಒಬ್ಬೊಬ್ಬರ ಸಾಲು. ಹೆಸರು ನೋಂದಾಯಿಸಿಕೊಂಡರೆ ಸಚಿವಾಲಯದ ಮೈಕ್ರೋಡೇಟಾ ತಾಣ ಅದನ್ನೂ ಉಚಿತವಾಗಿ ಕೊಡುತ್ತದೆ. 2017ರಲ್ಲಿ ಶುರುವಾದ ಆವರ್ತಕ ಶ್ರಮಬಲ ಸಮೀಕ್ಷೆಯ, ಅಂದರೆ ಪಿಎಲ್‌ಎಫ್‌ಎಸ್‌ನ, ಕಡತಗಳನ್ನು ಅಲ್ಲಿಂದಲೇ ಇಳಿಸಿಕೊಂಡೆ. ಕರ್ನಾಟಕದ ಸಂಕೇತ ಸಂಖ್ಯೆ 29 ಎಂಬುದು ಈಗ ಮನೆಯ ದೂರವಾಣಿ ಸಂಖ್ಯೆಯಷ್ಟೇ ಬಾಯಿಪಾಠವಾಗಿದೆ.

ಎರಡನೆಯ ತಿಂಗಳಲ್ಲಿ ಒಂದು ತಪ್ಪಾಯಿತು. ಹೊಸದಾಗಿ ಕೈಹಾಕುವವರು ಅದನ್ನು ಮಾಡಬಾರದೆಂದು ಇಲ್ಲಿ ದಾಖಲಿಸುತ್ತಿದ್ದೇನೆ. ಸಾಲುಗಳನ್ನು ಸುಮ್ಮನೆ ಎಣಿಸಿ ಶೇಕಡಾವಾರು ತೆಗೆದಿದ್ದೆ. ಆದರೆ ಮಾದರಿಯಲ್ಲಿ ನಗರದ ಮನೆಗಳು ಅವುಗಳ ಜನಸಂಖ್ಯೆಯ ಪಾಲಿಗಿಂತ ಹೆಚ್ಚಿರುತ್ತವೆ. ಆದ್ದರಿಂದ ಪ್ರತಿ ಸಾಲಿಗೂ ಕೊಟ್ಟಿರುವ ಗುಣಕವನ್ನು, ಅಂದರೆ ಆ ಸಾಲು ಎಷ್ಟು ಜನರ ಪರವಾಗಿ ನಿಲ್ಲುತ್ತದೆ ಎಂಬ ಸಂಖ್ಯೆಯನ್ನು, ಬಳಸದೆ ತೆಗೆದ ಒಟ್ಟು ರಾಜ್ಯದ ಅಂಕಿ ನಗರದ ಕಡೆಗೆ ವಾಲುತ್ತದೆ. ಆ ಗುಣಕವನ್ನೂ ಇದ್ದಂತೆಯೇ ಬಳಸುವಂತಿಲ್ಲ, ಕೆಲವು ಸಾಲುಗಳಲ್ಲಿ ನೂರರಿಂದ, ಉಳಿದವುಗಳಲ್ಲಿ ಇನ್ನೂರರಿಂದ ಭಾಗಿಸಬೇಕು. ಇದನ್ನು ಕಡತದೊಂದಿಗೇ ಇರುವ ಸೂಚನಾಪತ್ರದಲ್ಲಿ ಬರೆದಿದ್ದಾರೆ. ಮೂರು ವಾರಗಳ ಕೆಲಸವನ್ನು ಅಳಿಸಿ ಮತ್ತೆ ಮಾಡಿದೆ. ಆಮೇಲಿನಿಂದ ನಾನು ತೆಗೆದ ಯಾವ ಅಂಕಿಯನ್ನೂ ಪ್ರಕಟಿತ ವಾರ್ಷಿಕ ವರದಿಯ ಕೋಷ್ಟಕದೊಂದಿಗೆ ತಾಳೆ ನೋಡದೆ ಮುಂದಕ್ಕೆ ಹೋಗುತ್ತಿಲ್ಲ.

ಈ ಐದು ತಿಂಗಳಲ್ಲಿ ನನ್ನ ಕಣ್ಣು ತೆರೆಸಿದ್ದು ದತ್ತಾಂಶಕ್ಕಿಂತ ಹೆಚ್ಚಾಗಿ ಸಮೀಕ್ಷೆಯ ಪ್ರಶ್ನಾವಳಿ. ಬಿಡಿ ದತ್ತಾಂಶದ ಜೊತೆಗೇ ಅದು ಸಿಗುತ್ತದೆ, ಆದರೆ ಅದನ್ನು ಓದುವವರು ಕಡಿಮೆ. ಪ್ರತಿಯೊಬ್ಬರ ಚಟುವಟಿಕೆಗೂ ಒಂದು ಸಂಕೇತವಿದೆ. ಸ್ವಂತ ಕಸುಬು ನಡೆಸುವವರಿಗೆ 11, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ನೆರವಾಗುವವರಿಗೆ 21, ತಿಂಗಳ ಸಂಬಳದವರಿಗೆ 31, ಕೂಲಿಯವರಿಗೆ 51. ಮನೆಗೆಲಸ ಮಾತ್ರ ಮಾಡುವವರಿಗೆ 92. ಮನೆಗೆಲಸದ ಜೊತೆಗೆ ಸೌದೆ ತರುವುದು, ಮನೆಮಂದಿಗೆ ಬಟ್ಟೆ ಹೊಲಿಯುವುದು ಇತ್ಯಾದಿ ಮಾಡುವವರಿಗೆ 93. ಇವುಗಳಲ್ಲಿ 21 ದುಡಿಮೆಯ ಲೆಕ್ಕಕ್ಕೆ ಸೇರುತ್ತದೆ. 92 ಮತ್ತು 93 ಸೇರುವುದಿಲ್ಲ.

ಇದನ್ನು ಓದಿದ ದಿನ ಊರಿಗೆ ಹೋಗಿದ್ದೆ. ನಮ್ಮ ತಾಯಿ ಎರಡು ಹಸು ಸಾಕಿದ್ದಾರೆ. ಬೆಳಿಗ್ಗೆ ಐದಕ್ಕೆ ಕೊಟ್ಟಿಗೆ ಬಾಚಿ, ಹಾಲು ಕರೆದು, ಕ್ಯಾನು ಹಿಡಿದು ಡೇರಿಗೆ ಹೋಗಿ ಹಾಕಿ ಬರುತ್ತಾರೆ. ಸಂಜೆ ಮತ್ತೊಮ್ಮೆ ಅದೇ ಕೆಲಸ. ಸಂಘದ ಸದಸ್ಯತ್ವವೂ ಹಾಲಿನ ಪುಸ್ತಕವೂ ತಂದೆಯವರ ಹೆಸರಿನಲ್ಲಿವೆ. ಸಮೀಕ್ಷೆಯವರು ಕೇಳುವ ಹಾಗೆಯೇ, ‘ಕಳೆದ ವರ್ಷವೆಲ್ಲ ಏನು ಕೆಲಸ ಮಾಡಿಕೊಂಡಿದ್ದೆ?’ ಎಂದು ಕೇಳಿದೆ. ‘ನಾನೇನು ಮಾಡ್ತೀನಪ್ಪ, ಮನೇಲೇ ಇರ್ತೀನಿ’ ಎಂದರು. ಅಷ್ಟಕ್ಕೇ ನಿಲ್ಲಿಸಿ ಬರೆದುಕೊಂಡರೆ ಅವರು 92. ಹಸುಗಳ ಆರೈಕೆ ಯಾರದ್ದು ಎಂಬ ಇನ್ನೊಂದು ಪ್ರಶ್ನೆ ಕೇಳಿದರೆ 21. ಒಂದೇ ಹೆಂಗಸು, ಒಂದೇ ಹಸು, ಅದೇ ಹಾಲು. ಕೇಳಿದವರ ತಾಳ್ಮೆಯ ಮೇಲೆ ಆಕೆ ದೇಶದ ಶ್ರಮಬಲದ ಒಳಗೋ ಹೊರಗೋ ಎಂಬುದು ತೀರ್ಮಾನವಾಗುತ್ತದೆ. ಹೆಚ್ಚಳದ ಬಹುಪಾಲು ಸ್ವಯಂ ಉದ್ಯೋಗದಲ್ಲಿ ಕಾಣಿಸಿಕೊಂಡಿರುವುದನ್ನು ನೋಡಿದಾಗ ಈ ಅನುಮಾನ ಇನ್ನೂ ಬಲವಾಗುತ್ತದೆ: ದುಡಿಯುವ ಮಹಿಳೆಯರಲ್ಲಿ ಸ್ವಯಂ ಉದ್ಯೋಗಿಗಳ ಪಾಲು 2017-18ರಲ್ಲಿ ಶೇ. 51.9 ಇದ್ದದ್ದು 2023-24ರಲ್ಲಿ ಶೇ. 67.4 ಆಗಿದೆ, ಮತ್ತು ಈ ಗುಂಪಿನಲ್ಲಿ ಸಂಬಳವಿಲ್ಲದ ನೆರವಿನವರೂ ಸೇರಿದ್ದಾರೆ. ಏರಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಕೃಷಿಯ ಸಂಕಟದಿಂದಾಗಿ ಮನೆಯವರೆಲ್ಲ ದುಡಿಮೆಗೆ ಕೈಜೋಡಿಸಿದ್ದೂ ಕಾರಣವಿರಬಹುದು, ಮೊದಲು ಬಿಟ್ಟುಹೋಗುತ್ತಿದ್ದ ದುಡಿಮೆ ಈಗ ದಾಖಲಾಗುತ್ತಿರುವುದೂ ಕಾರಣವಿರಬಹುದು. ಎರಡನ್ನೂ ಬಿಡಿಸಿ ನೋಡುವುದೇ ಇನ್ನು ಮುಂದಿನ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2025ರ ಜನವರಿಯಿಂದ ಪಿಎಲ್‌ಎಫ್‌ಎಸ್‌ನ ವಿನ್ಯಾಸ ಬದಲಾಗಿದ್ದು, ಅದೇ ವರ್ಷದ ಮೇ ತಿಂಗಳಿನಿಂದ ಮಾಸಿಕ ಪ್ರಕಟಣೆಗಳೂ ಬರುತ್ತಿವೆ. ಮೊದಲ ಪ್ರಕಟಣೆಯಲ್ಲಿ, ಅಂದರೆ 2025ರ ಏಪ್ರಿಲ್‌ ತಿಂಗಳಿಗೆ, ಗ್ರಾಮೀಣ ಮಹಿಳೆಯರ ಪ್ರಮಾಣ ಶೇ. 38.2 ಎಂದಿದೆ. ಅದನ್ನು ಹಿಂದಿನ ಶೇ. 47.6ರ ಪಕ್ಕದಲ್ಲಿಟ್ಟು ‘ಭಾರಿ ಕುಸಿತ’ ಎಂದು ಹೇಳುವುದು ತಪ್ಪು. ವಾರ್ಷಿಕ ಅಂಕಿ ‘ಸಾಮಾನ್ಯ ಸ್ಥಿತಿ’ಯದು, ವರ್ಷದಲ್ಲಿ 30 ದಿನಗಳ ಉಪಕಸುಬಿದ್ದರೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾಸಿಕ ಅಂಕಿ ‘ಪ್ರಸಕ್ತ ವಾರದ ಸ್ಥಿತಿ’ಯದು; ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿರಬೇಕು, ಇಲ್ಲವೇ ಕೆಲಸ ಹುಡುಕಿರಬೇಕು. ಕಳೆ ತೆಗೆಯುವ, ರಾಗಿ ಕೊಯ್ಯುವ ದಿನಗಳಲ್ಲಿ ಮಾತ್ರ ಹೊಲಕ್ಕಿಳಿಯುವ ಹೆಂಗಸು ಮೊದಲನೆಯದರಲ್ಲಿ ಸಿಗುತ್ತಾಳೆ, ಬೇಸಿಗೆಯ ಏಪ್ರಿಲಿನ ಎರಡನೆಯದರಲ್ಲಿ ಸಿಗದೆ ಹೋಗಬಹುದು.

ಮೂರನೆಯ ತಿಂಗಳಲ್ಲಿ ಸಮಯ ಬಳಕೆ ಸಮೀಕ್ಷೆಯನ್ನು ಕಂಡುಕೊಂಡೆ. ಈ ವಿಷಯಕ್ಕೆ ಇದಕ್ಕಿಂತ ಮೇಲಾದ ಆಕರ ನನಗೆ ಸಿಕ್ಕಿಲ್ಲ. 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ನಡೆದಿದೆ. ನಿನ್ನೆ ಬೆಳಗಿನ ನಾಲ್ಕರಿಂದ ಇವತ್ತು ಬೆಳಗಿನ ನಾಲ್ಕರವರೆಗಿನ 24 ಗಂಟೆಗಳನ್ನು ಅರ್ಧ ಅರ್ಧ ಗಂಟೆಯಾಗಿ ಕತ್ತರಿಸಿ, ಆಗ ಏನು ಮಾಡುತ್ತಿದ್ದಿರಿ ಎಂದು ಆರು ವರ್ಷ ಮೇಲ್ಪಟ್ಟ ಎಲ್ಲರನ್ನೂ ಕೇಳುತ್ತಾರೆ. ‘ಕೆಲಸ ಮಾಡುತ್ತೀರಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎನ್ನುವವರೂ ಐದರಿಂದ ಐದೂವರೆಯವರೆಗೆ ಹಾಲು ಕರೆಯುತ್ತಿದ್ದೆ ಎಂದು ಹೇಳಿಯೇ ಹೇಳುತ್ತಾರೆ. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ 2019ರಲ್ಲಿ 299 ನಿಮಿಷ, 2024ರಲ್ಲಿ 289 ನಿಮಿಷ ಕೊಟ್ಟರು; ತೊಡಗಿದ ಗಂಡಸರು 97 ಮತ್ತು 88 ನಿಮಿಷ. ಐದು ವರ್ಷಗಳಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು, ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿಯಿತು.

ಓದುವ ಸಾಮಗ್ರಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಗೂಗಲ್ ಸ್ಕಾಲರ್‌ನಲ್ಲಿ ಒಂದು ಒಳ್ಳೆಯ ಲೇಖನ ಸಿಕ್ಕರೆ, ಅದನ್ನು ಉಲ್ಲೇಖಿಸಿದ ನಂತರದ ಲೇಖನಗಳ ಕೊಂಡಿಯನ್ನು ಒತ್ತಿ ಮುಂದಕ್ಕೆ ಹೋಗುವುದು ಹೊಸದಾಗಿ ಹುಡುಕುವುದಕ್ಕಿಂತ ಫಲಕಾರಿ. ಬೆಂಗಳೂರಿನಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ) ಸಂಸ್ಥೆಯ ಕಾರ್ಯಪತ್ರಗಳು ಉಚಿತವಾಗಿ ಸಿಗುತ್ತವೆ, ಕರ್ನಾಟಕದ ಬಗ್ಗೆ ಕೆಲಸ ಮಾಡುವವರು ಅಲ್ಲಿಂದಲೇ ಶುರುಮಾಡಬೇಕು. ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ ಇದೆ. ಕನ್ನಡದ ಪ್ರಬಂಧಗಳ ಶೀರ್ಷಿಕೆ ಕೆಲವೆಡೆ ಕನ್ನಡ ಲಿಪಿಯಲ್ಲೂ ಕೆಲವೆಡೆ ರೋಮನ್ ಲಿಪಿಯಲ್ಲೂ ಇರುವುದರಿಂದ ಎರಡರಲ್ಲೂ ಹುಡುಕಬೇಕು. 2014ರಲ್ಲಿ ಪತ್ರಕರ್ತ ಪಿ. ಸಾಯಿನಾಥ್ ಅವರು ಆರಂಭಿಸಿದ ಪರಿ (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ತಾಣದಲ್ಲಿ ಹಳ್ಳಿಯ ಹೆಂಗಸರ ದುಡಿಮೆಯ ವರದಿಗಳು ಕನ್ನಡದಲ್ಲೇ ಓದಲು ಸಿಗುತ್ತವೆ. ನನಗೆ ನಿಜಕ್ಕೂ ನೋವಾದದ್ದು ಹಳೆಯ ಕನ್ನಡ ವರದಿಗಳ ವಿಷಯದಲ್ಲಿ. ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಪಿಡಿಎಫ್‌ಗಳಲ್ಲಿ ‘ಮಹಿಳೆ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಬರುತ್ತದೆ. ನಮ್ಮ ಭಾಷೆಯಲ್ಲೇ ಇರುವ ಮಾಹಿತಿ ನಮ್ಮ ಭಾಷೆಯಲ್ಲಿ ಹುಡುಕುವವರಿಗೇ ಸಿಗದಿರುವುದನ್ನು ಸರಿಪಡಿಸಲೇಬೇಕು.

ನಾಲ್ಕನೆಯ ತಿಂಗಳು, ಬೇರೆ ಬೇರೆ ವರ್ಷಗಳ ಜನಗಣತಿಯನ್ನು ಹೋಲಿಸಲು ಹೋಗಿ, ಜಿಲ್ಲೆಗಳ ಗಡಿಯಲ್ಲಿ ಸಿಕ್ಕಿಕೊಂಡೆ. 2001ರ ಜನಗಣತಿಯಲ್ಲಿ ರಾಜ್ಯಕ್ಕೆ 27 ಜಿಲ್ಲೆಗಳಿದ್ದವು, 2011ರಲ್ಲಿ 30, ವಿಜಯನಗರ ಸೇರಿ ಈಗ 31. ಯಾದಗಿರಿಯ ಹಳ್ಳಿಗಳನ್ನು 2001ರ ಕಡತದಲ್ಲಿ ಗುಲಬರ್ಗದೊಳಗೆ ಹುಡುಕಬೇಕು. ಈ ಜೋಡಣೆಯನ್ನು ಹಳ್ಳಿಯ ಮಟ್ಟದಲ್ಲಿ ಮಾಡಿಟ್ಟಿರುವ ಶ್ರಗ್ ಎಂಬ ಮುಕ್ತ ದತ್ತಾಂಶ ಸಂಗ್ರಹ ಸಿಕ್ಕಿದ್ದರಿಂದ ನನ್ನ ಕೆಲಸ ಎಷ್ಟೋ ಹಗುರವಾಯಿತು.

ಈಗ ಐದನೆಯ ತಿಂಗಳು. ಸಮಯ ಬಳಕೆ ಸಮೀಕ್ಷೆಯ ನಮೂನೆಯನ್ನೇ ಸರಳಗೊಳಿಸಿ, 48 ಖಾನೆಗಳ ಒಂದು ಹಾಳೆಯನ್ನು ಕನ್ನಡದಲ್ಲಿ ಸಿದ್ಧಮಾಡಿದ್ದೇನೆ. ನಮ್ಮ ಬೀದಿಯ ಹನ್ನೆರಡು ಮನೆಗಳವರು ಒಪ್ಪಿದ್ದಾರೆ. ಮೊದಲ ಹಾಳೆಯನ್ನು ತಾಯಿಯ ಜೊತೆ ಕುಳಿತು ತುಂಬಿದೆ. ರಾತ್ರಿ ಒಂಬತ್ತೂವರೆಯ ಖಾನೆಗೆ ಬಂದಾಗ, ಹಸುವಿಗೆ ಹುಲ್ಲು ಹಾಕಿದ್ದನ್ನು ಬರೆದೆಯೋ ಇಲ್ಲವೋ ಎಂದು ಅವರೇ ಕೇಳಿದರು. ಉಳಿದ ಹನ್ನೊಂದು ಮನೆಗಳ ಹಾಳೆಗಳನ್ನು ಬರುವ ಭಾನುವಾರದಿಂದ ತುಂಬಿಸಲಿದ್ದೇನೆ.