ಮೇಷ್ಟ್ರ ಬೀರುವಿನಲ್ಲಿ ಸಿಕ್ಕ ಅತ್ತಿಹಣ್ಣು

ಗ್ರಂಥಾಲಯದ ಕ್ಯಾಟಲಾಗಿನಲ್ಲಿ ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರ ಹೆಸರಿಗೆ ಸಿಗುವುದು ಒಂದೇ ಪುಸ್ತಕ. ಅದೂ ಪಠ್ಯಪುಸ್ತಕ. ಅವರು ತೀರಿಕೊಂಡ ಮೇಲೆ ಮಗಳು ಫೋನ್ ಮಾಡಿ, "ಅಪ್ಪ ಬರೆದದ್ದು ಒಂದಿಷ್ಟಿದೆ, ಬಂದು ನೋಡ್ತೀರಾ?" ಎಂದರು. ಒಂದು ಭಾನುವಾರ ಬೆಳಿಗ್ಗೆ ಹೋಗಿ ಕೂತವನು ಏಳುವಾಗ ಕತ್ತಲಾಗಿತ್ತು.

ಬೀರು ತುಂಬ ದಾರ ಕಟ್ಟಿದ ಕಾಗದದ ಕಟ್ಟುಗಳು. ಮೇಲಿದ್ದವು ಸಂಶೋಧನಾ ಲೇಖನಗಳ ಬಿಡಿ ಪ್ರತಿಗಳು. ಹಿಂದೆಲ್ಲ ಜರ್ನಲ್‌ಗಳು ಲೇಖಕರಿಗೆ ಅವರ ಲೇಖನವನ್ನಷ್ಟೇ ಬೇರೆಯಾಗಿ ಮುದ್ರಿಸಿ ಕೊಡುತ್ತಿದ್ದವು. ಅವರು ಅದನ್ನು ತಮ್ಮಂಥವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಕೆಳಗಿನ ಕಟ್ಟುಗಳಲ್ಲಿ ಸ್ಮರಣ ಸಂಚಿಕೆಗೆ ಬರೆದ ಪ್ರಬಂಧಗಳು, ಬೇರೆಯವರ ಪುಸ್ತಕಕ್ಕೆ ಮುನ್ನುಡಿ, ವಿಮರ್ಶೆ, ರೇಡಿಯೋ ಭಾಷಣದ ಕೈಬರಹ. ಇಂಥವು ಯಾವ ಪಟ್ಟಿಗೂ ಸೇರುವುದಿಲ್ಲ. ಪುಸ್ತಕಗಳಿಗೆ ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಬಂದದ್ದೇ 1970ರಲ್ಲಿ, ಪತ್ರಿಕೆಗಳಿಗೆ ಅಂಥದ್ದೇ ಐಎಸ್‌ಎಸ್‌ಎನ್ 1975ರಲ್ಲಿ. ಸ್ಮರಣ ಸಂಚಿಕೆಗೆ ಈಗಲೂ ಇವೆರಡೂ ಇರುವುದು ಅಪರೂಪ. ಹುಡುಕಿದಾಗ ಸಿಗಲಿಲ್ಲ ಎಂದ ಮಾತ್ರಕ್ಕೆ ಬರೆದೇ ಇಲ್ಲ ಅಂತ ಆಗುತ್ತಾ?

ಅತ್ತಿಹಣ್ಣಿನ ಮೇಲೊಂದು ಪ್ರಬಂಧ ಸಿಕ್ಕಿತು. ಬಿಚ್ಚಿದರೆ ಬರೀ ಹುಳ ಎಂದು ನಾವೆಲ್ಲ ಮುಖ ತಿರುಗಿಸುವ ಹಣ್ಣು. ಮೇಷ್ಟ್ರು ಆ ಹುಳದ ಕಡೆಯಿಂದಲೇ ಶುರು ಮಾಡಿದ್ದಾರೆ. ಅತ್ತಿಯ ಹೂವುಗಳೆಲ್ಲ ಒಳಗೇ ಇರುತ್ತವೆ. ತುದಿಯ ಸಣ್ಣ ಕಿಂಡಿಯಲ್ಲಿ ಹೆಣ್ಣು ಕಣಜ ನುಸುಳುತ್ತದೆ. ನುಸುಳುವಾಗ ರೆಕ್ಕೆ ಕಿತ್ತುಹೋಗುತ್ತದೆ. ಪರಾಗ ತಲುಪಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅಲ್ಲಿ ಹುಟ್ಟುವ ಗಂಡಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಹಾರಿಹೋಗಲು ದಾರಿ ಕೊರೆದುಕೊಟ್ಟು ಅದೂ ಸಾಯುತ್ತದೆ. ಇದೇ ವಿಷಯದ ಮೇಲೆ ಅವರ ಸಂಶೋಧನಾ ಲೇಖನವೂ ಇದೆ. ಅದರಲ್ಲಿ ಎಲ್ಲ ಅಳತೆಗಳೂ ಇವೆ. ಆದರೆ ಗಂಡು ಕಣಜದ ಬದುಕನ್ನು ನೆನೆದು ಅರೆಕ್ಷಣ ನಿಲ್ಲುವ ಮನುಷ್ಯ ಸಿಗುವುದು ಪ್ರಬಂಧದಲ್ಲೇ. ನನಗೆ ಅವರು ದೊಡ್ಡ ಲೇಖಕರಾಗಿ ಕಂಡದ್ದು ಇಲ್ಲಿ.

ವಿಮರ್ಶೆಗಳೂ ಹಾಗೇ. ಪುಸ್ತಕದ ತಪ್ಪನ್ನು ಪುಟಸಂಖ್ಯೆ ಹಾಕಿ ಹೇಳುತ್ತಾರೆ, ಬರೆದವರನ್ನು ಮಾತ್ರ ನೋಯಿಸುವುದಿಲ್ಲ.

ಅಗ್ಗದ ಕಾಗದದಲ್ಲಿ ಅಚ್ಚಾದವು ಹಳದಿ ತಿರುಗಿ, ಮಡಿಸಿದಲ್ಲಿ ಪುಡಿಯಾಗುತ್ತಿದ್ದವು. ಮರದ ತಿರುಳಿನ ಕಾಗದದಲ್ಲಿ ಉಳಿಯುವ ಆಮ್ಲ ಅದನ್ನು ಒಳಗಿಂದಲೇ ತಿನ್ನುತ್ತದೆ. ಹಾಗಾಗಿ ಮೊದಲು ಅವುಗಳ ಫೋಟೋ ತೆಗೆದೆವು. ಕೈಬರಹ ಗಟ್ಟಿ ಕಾಗದದಲ್ಲಿತ್ತು, ಅದಕ್ಕೆ ಅವಸರವಿರಲಿಲ್ಲ.

ಮೇಷ್ಟ್ರ ಬರಹಗಳ ಪಟ್ಟಿ ಮಾಡುವಾಗ "ಮುನ್ನುಡಿಗಳೂ ಬೇಕಾ?" ಎಂದು ಮಗಳು ಕೇಳಿದರು. ಬೇಕೇ ಬೇಕು ಎಂದೆ. ಪತ್ರಗಳನ್ನು ಮಾತ್ರ ಪಟ್ಟಿಗೆ ಸೇರಿಸುವುದು ಬೇಡ ಎಂದರು. ನಾನೂ ಒಪ್ಪಿದೆ.