ಕೆಂಪು ಮಾತ್ರೆ, ಟೀ ಲೋಟ

ತಂಗಿಗೆ ಈಗ ಐದು ತಿಂಗಳು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬೇಕು ಅಂದಳು. ದಾವಣಗೆರೆಯಲ್ಲಿ ಬಸುರಿಗೆ ಅದನ್ನು ಬೇಡ ಅನ್ನೋಕಾಗುತ್ತಾ?

ತಿಂದವಳೇ ಕೆಂಪು ಕಬ್ಬಿಣದ ಮಾತ್ರೆ ಬಾಯಿಗೆ ಹಾಕಿಕೊಂಡು ಟೀ ಲೋಟ ಎತ್ತಿದಳು. ಕಿತ್ತುಕೊಂಡೆ. ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕ ಕೊಟ್ಟೆ.

ಆ ಮಾತ್ರೆಯಲ್ಲೇ ಫೋಲಿಕ್ ಆಸಿಡ್ ಕೂಡ ಇದೆ. ಅದನ್ನಂತೂ ಬಸುರಾಗುವ ಮುಂಚಿನಿಂದಲೇ ತಗೋಬೇಕು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಸರಿಯಾಗಿ ಮುಚ್ಚೋಕೆ ಅದು ಬೇಕು, ಆ ನಾಳ ಗರ್ಭ ಕಟ್ಟಿದ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಅಷ್ಟೊತ್ತಿಗೆ ಎಷ್ಟೋ ಜನಕ್ಕೆ ಬಸುರಿ ಅನ್ನೋ ವಿಷಯವೇ ಗೊತ್ತಿರುವುದಿಲ್ಲ. ಮದುವೆ ಮಾತಲ್ಲಿ ಚಿನ್ನ ಎಷ್ಟು ಗ್ರಾಂ ಅಂತ ಕೇಳುತ್ತಾರೆ. ಹುಡುಗಿಗೆ ರಕ್ತ ಎಷ್ಟಿದೆ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

'ನಿನ್ನ ಹೊತ್ತಾಗ ನಾನು ಬರೀ ಟೀ ಕುಡಿದೇ ಇದ್ದೆ ಕಣೇ' ಅಂತ ಒಳಗಿಂದ ಅಮ್ಮ.

ಲೋಟ ವಾಪಸ್ ಕೊಟ್ಟೆ. ಎರಡು ಗಂಟೆ ಬಿಟ್ಟು.