ಕಚಿನ್ ಚರ್ಚುಗಳು ಹಂಚುವ ಅಕ್ಕಿ ಮತಾಂತರಕ್ಕೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮ್ಯಾನ್ಮಾರ್‌ನ ಉತ್ತರ ತುದಿಯಲ್ಲಿರುವ ಕಚಿನ್ ರಾಜ್ಯದಲ್ಲಿ ಯುದ್ಧದಿಂದ ಊರು ಬಿಟ್ಟವರಿಗೆ ಅಲ್ಲಿನ ಚರ್ಚುಗಳು ನೀಡುತ್ತಿರುವ ನೆರವಿನ ಬಗ್ಗೆ ಮಾತೆತ್ತಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಇದೆಲ್ಲ ಕೊನೆಗೆ ಮತಾಂತರಕ್ಕೆ ತಾನೆ? ಕೇಳುವವರಲ್ಲಿ ಹೆಚ್ಚಿನವರಿಗೆ ದುರುದ್ದೇಶವಿಲ್ಲ. ನಮ್ಮ ರಾಜ್ಯದಲ್ಲಿ ಈ ವಿಷಯವಾಗಿ ನಡೆದಿರುವ ವಾದವಿವಾದಗಳನ್ನು ಕೇಳಿದವರಿಗೆ ಅದು ಸಹಜವಾಗಿಯೇ ಹೊಳೆಯುವ ಪ್ರಶ್ನೆ. ಆದರೆ ಕಚಿನ್ ನಾಡಿಗೆ ಅದು ಹೊಂದುವುದಿಲ್ಲ.

ಏಕೆಂದರೆ ಕಚಿನ್ನರಲ್ಲಿ ಬಹುಪಾಲು ಜನ ತಲೆಮಾರುಗಳಿಂದ ಕ್ರೈಸ್ತರೇ. ಅವರಲ್ಲಿ ಪ್ರಾಟೆಸ್ಟಂಟ್ ಪಂಥವೊಂದಾದ ಬ್ಯಾಪ್ಟಿಸ್ಟರು ಹೆಚ್ಚು, ಅವರ ನಂತರ ಕ್ಯಾಥೊಲಿಕರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಿಂದ ಬಂದ ಓಲಾ ಹ್ಯಾನ್ಸನ್ ಎಂಬ ಬ್ಯಾಪ್ಟಿಸ್ಟ್ ಮಿಷನರಿ ಅವರ ಜಿಂಗ್‌ಫೊ ಭಾಷೆಗೆ ರೋಮನ್ ಅಕ್ಷರಗಳ ಲಿಪಿ ರೂಪಿಸಿ, 1906ರಲ್ಲಿ ನಿಘಂಟು ಪ್ರಕಟಿಸಿ, ಬೈಬಲನ್ನೂ ಅನುವಾದಿಸಿದ. (ಮಂಗಳೂರಿನ ಕಿಟ್ಟೆಲ್ಲರ ನಿಘಂಟನ್ನು ಬಲ್ಲ ನಮಗೆ ಇದೇನೂ ಅಪರಿಚಿತ ಕಥೆಯಲ್ಲ, ಆದರೆ ಕನ್ನಡಕ್ಕೆ ಲಿಪಿಯೂ ಸಾಹಿತ್ಯವೂ ಮೊದಲೇ ಇದ್ದವು, ಕಚಿನ್ನರಿಗೆ ಓದುಬರಹ ಬಂದದ್ದೇ ಚರ್ಚಿನ ಮೂಲಕ.) 1961ರಲ್ಲಿ ಕಚಿನ್ ಸ್ವಾತಂತ್ರ್ಯ ಸೇನೆ ಬಂಡೆದ್ದಿತು. 1947ರ ಪಾಂಗ್ಲಾಂಗ್ ಒಪ್ಪಂದದಲ್ಲಿ ಬರ್ಮಾದ ನಾಯಕರು ಮಾತು ಕೊಟ್ಟಿದ್ದ ಸ್ವಾಯತ್ತೆ ಕೈಗೆ ಬರಲಿಲ್ಲವೆಂಬ ಸಿಟ್ಟು ಅದರ ಹಿಂದಿತ್ತು. ಅದೇ ವರ್ಷ ಪ್ರಧಾನಿ ಊ ನು ಬೌದ್ಧಧರ್ಮವನ್ನು ರಾಜಧರ್ಮವೆಂದು ಸಾರಿದ್ದು ಆ ಸಿಟ್ಟಿಗೆ ತುಪ್ಪ ಸುರಿಯಿತು. 1994ರ ಕದನವಿರಾಮ ಹದಿನೇಳು ವರ್ಷ ಬಾಳಿ, 2011ರ ಜೂನ್‌ನಲ್ಲಿ ಮುರಿದುಬಿತ್ತು. ಆಮೇಲಿನ ಕೆಲವೇ ವರ್ಷಗಳಲ್ಲಿ ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು.

ಓಡಿಬಂದವರು ನಿಂತದ್ದು ಚರ್ಚಿನ ಅಂಗಳದಲ್ಲಿ. ರಾಜಧಾನಿ ಮಿಚೀನಾದಲ್ಲೂ ನದಿಯಾಚೆಯ ವೈಂಗ್‌ಮೊದಲ್ಲೂ ಎಷ್ಟೋ ಶಿಬಿರಗಳಿಗೆ ಆಯಾ ಚರ್ಚಿನ ಹೆಸರೇ ಇದೆ. ಬಿದಿರಿನ ತಟ್ಟಿ, ತಾರ್ಪಾಲು, ತಗಡುಗಳಿಂದ ಕಟ್ಟಿದ ಉದ್ದನೆಯ ಸಾಲುಮನೆಯಲ್ಲಿ ಒಂದು ಕುಟುಂಬಕ್ಕೆ ಒಂದು ಕೋಣೆ. ನಡುವೆ ಇರುವುದು ಬರಿಯ ತಟ್ಟಿಗೋಡೆಯಾದ್ದರಿಂದ ಪಕ್ಕದವರ ಕೆಮ್ಮೂ ಜಗಳವೂ ಈಚೆ ಕೇಳುತ್ತವೆ. ಕೆಲವು ತಿಂಗಳ ಮಟ್ಟಿಗೆಂದು ಕಟ್ಟಿದ ಇಂಥ ಕೋಣೆಗಳಲ್ಲೇ ಮಕ್ಕಳು ಹುಟ್ಟಿ ಶಾಲೆಯ ವಯಸ್ಸು ದಾಟಿದ್ದಾರೆ.

ಇದಕ್ಕಿಂತ ಕಷ್ಟದ ಜಾಗಗಳು ಸರ್ಕಾರಿ ಸೇನೆಯ ಹಿಡಿತದಿಂದ ಹೊರಗೆ, ಬಂಡುಕೋರರ ವಶದಲ್ಲಿರುವ ಚೀನಾ ಗಡಿಯ ಲೈಜಾ ಮತ್ತು ಮೈಜಾಯಾಂಗ್ ಕಡೆ ಇವೆ. 2016ರಿಂದೀಚೆಗೆ ವಿಶ್ವಸಂಸ್ಥೆಯ ವಾಹನಗಳಿಗೆ ಅತ್ತ ಹೋಗಲು ಸರ್ಕಾರ ಅನುಮತಿ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಹಾಗಾಗಿ ನೆರವು ತಲುಪಿಸುವ ಹೊಣೆ ಬ್ಯಾಪ್ಟಿಸ್ಟ್ ಚರ್ಚುಗಳ ಒಕ್ಕೂಟವಾದ ಕಚಿನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನು, ಕ್ಯಾಥೊಲಿಕರ ಕರುಣಾ ಸಂಸ್ಥೆ ಮುಂತಾದ ಸ್ಥಳೀಯರ ಹೆಗಲೇರಿತು. ಯುವಾನ್ ನೋಟು, ಚೀನಾದ ಮೊಬೈಲ್ ಸಿಗ್ನಲ್ ನಡೆಯುವ ಲೈಜಾದಂಥ ಊರಿನಲ್ಲಿ ಯಾರನ್ನು ನಂಬಬಹುದು, ಯಾವ ದಾರಿ ಇವತ್ತು ತೆರೆದಿದೆ ಎಂಬುದು ದೂರದ ಕಚೇರಿಯಲ್ಲಿ ಕುಳಿತವರಿಗಿಂತ ಅಲ್ಲಿನ ಸಭಾಪಾಲಕನಿಗೇ ಚೆನ್ನಾಗಿ ಗೊತ್ತು.

2018ರಲ್ಲಿ ಕಚಿನ್ ರಾಜ್ಯ ಸರ್ಕಾರವು, ಅನುಮತಿಯಿಲ್ಲದೆ ಅತ್ತ ನೆರವು ಒಯ್ದರೆ ಕಾನೂನುಬಾಹಿರ ಸಂಘಗಳ ಕಾಯ್ದೆಯಡಿ ಮೊಕದ್ದಮೆ ಹೂಡುವುದಾಗಿ ಬ್ಯಾಪ್ಟಿಸ್ಟರಿಗೆ ಪತ್ರ ಬರೆಯಿತು. ಇದು 1908ರ ಕಾಯ್ದೆ; ಬರ್ಮಾ ಇನ್ನೂ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಾಗ ನಮ್ಮ ದೇಶದ ಕ್ರಾಂತಿಕಾರಿಗಳನ್ನು ಹತ್ತಿಕ್ಕಲು ಹೆಣೆದದ್ದು. ಕನ್ವೆನ್ಷನ್ನಿನ ಅಧ್ಯಕ್ಷರಾಗಿದ್ದ ಹ್ಕಲಾಂ ಸಾಮ್ಸನ್ ಅವರನ್ನು 2022ರ ಡಿಸೆಂಬರಿನಲ್ಲಿ ಮಾಂಡಲೆ ವಿಮಾನ ನಿಲ್ದಾಣದಲ್ಲಿ ಬಂಧಿಸಿ, ಮರುವರ್ಷ ಆರು ವರ್ಷದ ಸೆರೆ ವಿಧಿಸಿದಾಗಲೂ ಆರೋಪಗಳಲ್ಲಿ ಈ ಕಾಯ್ದೆ ಸೇರಿತ್ತು. 2024ರ ಏಪ್ರಿಲಿನಲ್ಲಿ ಕ್ಷಮಾದಾನವೆಂದು ಮನೆಗೆ ಕಳಿಸಿ, ಕೆಲವೇ ಗಂಟೆಗಳಲ್ಲಿ ಮತ್ತೆ ಕರೆದೊಯ್ದು, ಜುಲೈನಲ್ಲಿ ಬಿಟ್ಟರು. ಅಕ್ಕಿಯ ಹಿಂದೆ ಮತಾಂತರವಿದೆ ಎಂದು ಅಲ್ಲಿನ ಆಳುವವರು ಈ ಮೊಕದ್ದಮೆಯಲ್ಲಿ ಹೇಳಲಿಲ್ಲ. ಅವರ ಅನುಮಾನವೆಲ್ಲ ಬಂಡುಕೋರರ ನಂಟಿನ ಮೇಲೆ.

ನಾವು ಕೇಳಬೇಕಾದ ಪ್ರಶ್ನೆಯೂ ಇದರ ಹತ್ತಿರದ್ದೇ. ಒಂದು ಜನಾಂಗದೊಡನೆ ಇಷ್ಟು ಬೆಸೆದುಕೊಂಡ ಚರ್ಚು ಜನಾಂಗೀಯ ಕಲಹದ ನಡುವೆ ಪಕ್ಷಪಾತವಿಲ್ಲದೆ ನೆರವು ಹಂಚಬಲ್ಲದೆ? ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಪ್ರಚಾರಕ್ಕೆ ಬಳಸಬಾರದೆಂದು 1994ರಲ್ಲಿ ರೆಡ್ ಕ್ರಾಸ್ ಮುಂತಾದ ಸಂಸ್ಥೆಗಳು ರೂಪಿಸಿದ ನೀತಿಸಂಹಿತೆಗೆ ಕ್ರೈಸ್ತ ಸಂಸ್ಥೆಗಳಾದ ಕ್ಯಾರಿಟಾಸ್, ಲೂಥರನ್ ವರ್ಲ್ಡ್ ಫೆಡರೇಶನ್‌ಗಳೂ ಬದ್ಧವಾಗಿವೆ. ಹಂಚುವ ವಿಷಯದಲ್ಲಿ ಆ ಸಂಹಿತೆಯನ್ನು ಕಟ್ಟುನಿಟ್ಟಾಗಿ ಕೇಳಬಹುದು, ಕೇಳಲೇಬೇಕು: ಅಲ್ಲಿ ಬೌದ್ಧರಾದ ಶಾನ್, ತಾಆಂಗ್ ಜನಾಂಗದವರೂ ಇದ್ದಾರೆ, ಅವರ ಪಾಲೂ ಅವರಿಗೆ ಸಂದಿತೇ ಎಂದು. ಆದರೆ ತಮ್ಮ ಊರುಗಳ ಮೇಲೆ ಬಾಂಬು ಬೀಳುವಾಗ ಸಭಾಪಾಲಕರು ಮಾತಿನಲ್ಲೂ ತಟಸ್ಥರಾಗಿರಬೇಕೆಂದು ಬೆಂಗಳೂರಿನಲ್ಲಿ ಕುಳಿತು ನಾನು ಹೇಳಲಾರೆ. ಹಣ ಕೊಡುವುದಾದರೆ ಯಾರಿಗೆ ಎಂದು ಕೇಳಿದರೆ, ಶಾನರ ಪಾಲಿನ ಲೆಕ್ಕವನ್ನು ಒಪ್ಪಿಸುವ ಷರತ್ತಿನ ಮೇಲೆ, ಈ ಚರ್ಚುಗಳಿಗೇ ಎನ್ನುತ್ತೇನೆ.